ಐದು ಸಾಕು

ಅಂಗಡಿಯಲ್ಲಿ ಫೋನ್ ನಂಬರ್ ಕೇಳಿದರೆ ನಾನು ಕೊನೆಯ ಅಂಕೆಯನ್ನು ತಪ್ಪು ಹೇಳುತ್ತೇನೆ. ಲ್ಯಾಪ್‌ಟಾಪಿನ ಕ್ಯಾಮೆರಾದ ಮೇಲೆ ಹೆಂಡತಿಯ ಡಬ್ಬಿಯಿಂದ ತೆಗೆದ ಸ್ಟಿಕ್ಕರ್ ಬೊಟ್ಟೊಂದನ್ನು ಅಂಟಿಸಿದ್ದೇನೆ. ಗ್ಯಾಸ್ ಸಿಲಿಂಡರ್ ತರುವ ಭಯ್ಯಾ ಬೇರೆಯವರ ಮನೆಗೆ ಸಿಲಿಂಡರ್ ಮಾತ್ರ ಹೊತ್ತು ಹೋಗುತ್ತಾನೆ, ನಮ್ಮ ಫ್ಲ್ಯಾಟಿಗೆ ಬರುವಾಗ ತೂಕದ ಕೊಕ್ಕೆಯನ್ನೂ ಹಿಡಿದು ಬರುತ್ತಾನೆ. ನಾನು ಕೇಳದೆ ಬಿಡುವುದಿಲ್ಲ ಎಂದು ಅವನಿಗೆ ಗೊತ್ತು. ದೆಹಲಿಯ ಮಯೂರ್ ವಿಹಾರಿನ ಈ ಸೊಸೈಟಿಯಲ್ಲಿ ಇಪ್ಪತ್ತು ವರ್ಷದ ಮೇಲಾಯಿತು. ಲಿಫ್ಟಿನಲ್ಲಿ ಸಿಕ್ಕವರು ನನ್ನ ಜೊತೆ ಚಳಿ, ಸೆಕೆ, ಹೊಗೆ ಇಷ್ಟನ್ನು ಬಿಟ್ಟು ಬೇರೆ ಮಾತಾಡುವುದಿಲ್ಲ.

ಇದು ಹುಟ್ಟುಗುಣವೋ ನೌಕರಿಯಿಂದ ಅಂಟಿದ್ದೋ ಹೇಳುವುದು ಕಷ್ಟ. ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಮೊದಲು ರೆಕಾರ್ಡ್ ರೂಮಿನ ಗುಮಾಸ್ತನಾಗಿದ್ದೆ, ಕೊನೆಯ ಹನ್ನೊಂದು ವರ್ಷ ವಿಜಿಲೆನ್ಸ್ ಸೆಕ್ಷನ್ನಿನಲ್ಲಿದ್ದೆ. ವಿಜಿಲೆನ್ಸ್ ಎಂದರೆ ಬೇರೆಯವರು ಮಾಡಿದ ತಪ್ಪನ್ನು ಹುಡುಕುವ ಕೆಲಸ. ಅಲ್ಲಿ ಹನ್ನೊಂದು ವರ್ಷ ಕೂತವನಿಗೆ ನಗುನಗುತ್ತಾ ನಮಸ್ಕಾರ ಹೇಳಿದವನ ಮೇಲೂ ಒಂದು ಕಣ್ಣು ಹೋಗುತ್ತದೆ. ರೆಕಾರ್ಡ್ ರೂಮು ನನಗೆ ಕಲಿಸಿದ್ದು ಇನ್ನೊಂದು ಪಾಠ. ಹಳೆಯ ಕಡತಗಳಲ್ಲಿ ಬೇಕಾದದ್ದನ್ನು ಉಳಿಸಿ, ಬೇಡದ್ದನ್ನು ಕಿತ್ತು ಎಸೆಯಬೇಕು. ಎಸೆಯದಿದ್ದರೆ ಹೊಸದಕ್ಕೆ ಜಾಗವಿರುವುದಿಲ್ಲ.

ಆ ಪಾಠವನ್ನು ಮನೆಗೂ ತಂದೆ. ನಮ್ಮ ಅಡುಗೆಮನೆಯಲ್ಲಿ ಖಾಲಿ ಬಾಟಲಿ ಐದು, ಬಟ್ಟೆ ಚೀಲ ಐದು, ಹಳೆಯ ಪೇಪರು ಐದು ದಿನದ್ದು. ಆರನೆಯದು ಬಂದರೆ ಎಲ್ಲಕ್ಕಿಂತ ಹಳೆಯದು ಗುಜರಿ ಕೊಳ್ಳುವ ಕಬಾಡಿ ಭಯ್ಯಾನ ಪಾಲು. ನನ್ನ ಹೆಂಡತಿ ಆರನೆಯ ಬಾಟಲಿಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಡುತ್ತಿದ್ದಳು, ನಾನು ಹುಡುಕಿ ತೆಗೆಯುತ್ತಿದ್ದೆ. "ಐದು ಸಾಕು ಕಣೇ," ಎನ್ನುತ್ತಿದ್ದೆ. "ನಿಮಗೆ ಬುದ್ಧಿನೂ ಐದೇ ಸಾಕೇನೋ," ಎನ್ನುತ್ತಿದ್ದಳು. ಅವಳಿಗೆ ಆಗ ಸ್ವರವಿತ್ತು.

ಅವಳು ದೆಹಲಿಯ ಶಾಲೆಯೊಂದರಲ್ಲಿ ಕನ್ನಡ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಒಂದು ಹೊಸ ಗೀಳು ಹಚ್ಚಿಕೊಂಡಳು. ಇಲ್ಲಿ ಹುಟ್ಟಿದ ನಮ್ಮವರ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅಂಥ ಮಕ್ಕಳಿಗಾಗಿ ವಾರಕ್ಕೊಂದು ಹತ್ತು ನಿಮಿಷದ ಪಾಡ್‌ಕ್ಯಾಸ್ಟ್ ಮಾಡಿ ಯಾವುದೋ ಪುಕ್ಕಟೆ ಜಾಲತಾಣಕ್ಕೆ ಏರಿಸತೊಡಗಿದಳು. ಹೊದೆಯುವ ದಪ್ಪ ರಜಾಯಿಗಳನ್ನು ತುಂಬಿಟ್ಟ ಬೀರುವಿನ ಬಾಗಿಲು ತೆರೆದು, ಅದರೊಳಕ್ಕೆ ಮುಖ ಹಾಕಿ, ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಅಷ್ಟು ಮಾಡಿದರೂ ಕೆಳಗಿನ ತರಕಾರಿ ಭಯ್ಯಾನ ಕೂಗು ಅಲ್ಲಲ್ಲಿ ಸೇರಿಕೊಳ್ಳುತ್ತಿತ್ತು.

ಒಂದು ಕಂತಿನಲ್ಲಿ ಸಾಸಿವೆಯ ವಿಷಯ. ಒಗ್ಗರಣೆಗೆ ಹಾಕಿದ ಸಾಸಿವೆ ಏನು ಮಾಡುತ್ತದೆ? ಸಿಡಿಯುತ್ತದೆ, ಚಟಪಟ ಎನ್ನುತ್ತದೆ, ಹಾರಿ ಮೂಗಿಗೆ ತಾಗುತ್ತದೆ. ಕೋಪ ಬಂದ ಅಜ್ಜ ಏನು ಮಾಡುತ್ತಾನೆ? ಸಿಡುಕುತ್ತಾನೆ, ಗೊಣಗುತ್ತಾನೆ, ಮುಖ ಗಂಟು ಹಾಕುತ್ತಾನೆ. ಆ ಅಜ್ಜ ಯಾರು ಎಂಬುದು ಸೊಸೈಟಿಯ ಕನ್ನಡದವರಿಗೆಲ್ಲ ಗೊತ್ತಿತ್ತು. ನಾನು ಬೇಜಾರು ಮಾಡಿಕೊಂಡವನಂತೆ ಇದ್ದೆ. ಆದರೆ ಆ ಕಂತನ್ನು ನಾನು ಎಷ್ಟು ಸಲ ಕೇಳಿದ್ದೇನೆ ಎಂದು ಅವಳಿಗೆ ಹೇಳಿರಲಿಲ್ಲ.

ಕೇಳಲು ಮೊದಲು ಫೋನಿಗೆ ಒಂದು ಆ್ಯಪ್ ಹಾಕಿಕೊಳ್ಳಬೇಕಾಯಿತು. ಅದು ಶುರುವಿನಲ್ಲೇ ಮೈಕ್ ಬಳಸಲು ಅನುಮತಿ ಕೇಳಿತು. ಕೇಳಿಸಿಕೊಳ್ಳುವವನು ನಾನು, ಮೈಕ್ ಇಟ್ಟುಕೊಂಡು ಅದೇನು ಕೇಳಿಸಿಕೊಳ್ಳುತ್ತದೆ? ಆ ಕ್ಷಣವೇ ಕಿತ್ತುಹಾಕಿದೆ. ಆ ಭಾನುವಾರ ಊಟಕ್ಕೆ ಬಂದಿದ್ದ ಅಳಿಯನ ಮುಂದೆ ಈ ಮಾತು ಎತ್ತಿದೆ.

ಅಳಿಯ ಗುರುಗ್ರಾಮದ ಒಂದು ಐಟಿ ಕಂಪನಿಯಲ್ಲಿದ್ದಾನೆ. ಮಂಗಳೂರು ಕಡೆಯ ಕ್ರೈಸ್ತರ ಹುಡುಗ, ಮನೆಮಾತು ಕೊಂಕಣಿ. ಮಗಳು ಅವನನ್ನು ಮದುವೆಯಾಗುತ್ತೇನೆ ಎಂದಾಗ ನಾನು ಬೇಡ ಎನ್ನಲಿಲ್ಲ, ವಿಚಾರಣೆ ನಡೆಸಿದೆ. ಎಲ್ಲಿ ಓದಿದ, ಹಿಂದಿನ ಕೆಲಸ ಯಾಕೆ ಬಿಟ್ಟ, ಬಾಡಿಗೆ ಮನೆಯ ಮಾಲೀಕ ಏನು ಹೇಳುತ್ತಾನೆ, ಎಲ್ಲ. ಏನೂ ಸಿಗಲಿಲ್ಲ. ಏನೂ ಸಿಗದವನ ಮೇಲೆ ವಿಜಿಲೆನ್ಸಿನವರಿಗೆ ಅನುಮಾನ ಜಾಸ್ತಿ. ಅಳಿಯನನ್ನು ಬಹುವಚನದಲ್ಲಿ ಕರೆಯುವುದು ನಮ್ಮಲ್ಲಿ ಮರ್ಯಾದೆ. ನನ್ನ ಬಹುವಚನದಲ್ಲಿ ಮರ್ಯಾದೆಗಿಂತ ದೂರವೇ ಹೆಚ್ಚಿತ್ತು. ನನ್ನ ಹೆಂಡತಿ ಮೊದಲ ದಿನದಿಂದಲೇ ಅವನನ್ನು "ಬಾರೋ, ಕೂತ್ಕೋ" ಎನ್ನುತ್ತಿದ್ದಳು.

ನನ್ನ ದೂರು ಕೇಳಿ ಅವನು ನಗಲಿಲ್ಲ. "ಆ್ಯಪ್ ಬೇಡ ಮಾವ. ಲ್ಯಾಪ್‌ಟಾಪಿಗೆ ಒಂದು ಸಣ್ಣ ಪ್ರೋಗ್ರಾಮ್ ಉಂಟು. ಬಟನ್ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆ ಮಾತ್ರ. ಒಂದು ಫೈಲಿನಲ್ಲಿ ನಿಮಗೆ ಎಂತ ಬೇಕು ಅಂತ ಬರೆದಿಟ್ರೆ ಆಯ್ತು. ಬರೆದದ್ದನ್ನು ಮಾತ್ರ ಮಾಡ್ತದೆ. ಬೇರೆ ಎಂತದೂ ಮಾಡುವುದಿಲ್ಲ," ಎಂದ.

ಬರೆದದ್ದನ್ನು ಮಾತ್ರ ಮಾಡುವ ನೌಕರ ನನಗೆ ಮೂವತ್ತು ವರ್ಷದಲ್ಲಿ ಒಬ್ಬನೂ ಸಿಕ್ಕಿರಲಿಲ್ಲ. ಹಾಕಿಕೊಡಿ ಎಂದೆ. ಅವನು ಹಾಕಿಕೊಡುವಾಗ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತು, ಅವನ ಬೆರಳು ಯಾವ ಕೀ ಮೇಲೆ ಹೋಗುತ್ತದೆ ಎಂದು ನೋಡುತ್ತಿದ್ದೆ.

ಆ ಸೆಟ್ಟಿಂಗ್ ಫೈಲು ನನಗೆ ಬಹಳ ಹಿಡಿಸಿತು. ಸರಳವಾದ ಅಕ್ಷರಗಳ ಒಂದು ಪುಟ. ಮೇಲ್ಭಾಗದಲ್ಲಿ ಎಲ್ಲದಕ್ಕೂ ಅನ್ವಯಿಸುವ ಸಾಮಾನ್ಯ ನಿಯಮಗಳು: ಯಾವ ಫೋಲ್ಡರಿನಲ್ಲಿ ಇಡಬೇಕು, ಕಡತಕ್ಕೆ ಹೆಸರು ಹೇಗೆ ಕೊಡಬೇಕು, ಎಷ್ಟು ಕಂತು ಉಳಿಸಿಕೊಳ್ಳಬೇಕು. ಅದರ ಕೆಳಗೆ ಒಂದೊಂದು ಪಾಡ್‌ಕ್ಯಾಸ್ಟಿಗೆ ಒಂದೊಂದು ಕಂಡಿಕೆ, ಅದರ ವಿಳಾಸ, ಅದಕ್ಕೇ ಬೇರೆ ನಿಯಮ ಬೇಕಿದ್ದರೆ ಅದು. ಬೆಳಗಿನ ಐದೂವರೆಗೆ ಪ್ರೋಗ್ರಾಮ್ ತಾನಾಗಿ ಓಡುವಂತೆ ಇನ್ನೊಂದು ಸಾಲು. ನಾನು ಹಾಲು ತರಲು ಕೆಳಗಿಳಿದು ಬರುವಷ್ಟರಲ್ಲಿ ಹೊಸ ಕಂತುಗಳು ಇಳಿದಿರುತ್ತಿದ್ದವು. ಏನೇನು ಇಳಿಸಿತು, ಏನೇನು ಅಳಿಸಿತು ಎಂಬುದನ್ನು ಅದು ಲಾಗ್ ಎಂಬ ದಿನಚರಿಯಲ್ಲಿ ತಾನೇ ಬರೆದಿಡುತ್ತಿತ್ತು.

ಸುಲಭವಾಗಿಯೇನೂ ಬಗ್ಗಲಿಲ್ಲ. ಒಂದು ಸಾಲಿನ ಮುಂದೆ ಒಂದು ಸ್ಪೇಸ್ ಹೆಚ್ಚಾಯಿತೆಂದು ಎರಡು ದಿನ ಮುನಿಸಿಕೊಂಡು ಕುಳಿತಿತ್ತು. ಕನ್ನಡದ ಹೆಸರುಗಳನ್ನು ಕೊಟ್ಟರೆ ಚೌಕ ಚೌಕ ಮಾಡಿ ತೋರಿಸಿತು, ಕೊನೆಗೆ ಕ್ರಮಸಂಖ್ಯೆ ಮತ್ತು ದಿನಾಂಕಕ್ಕೆ ಒಪ್ಪಂದ ಮಾಡಿಕೊಂಡೆವು. ನನ್ನನ್ನು ಮರುಳು ಮಾಡಿದ ಸಂಗತಿ ಇನ್ನೊಂದಿತ್ತು. ಒಂದು ಗುರುತು ಹಾಕಿ ಶುರು ಮಾಡಿದ ಸಾಲನ್ನು ಪ್ರೋಗ್ರಾಮ್ ಓದುವುದಿಲ್ಲ, ಅದು ಮನುಷ್ಯರಿಗಾಗಿ ಬರೆದ ಟಿಪ್ಪಣಿ. ನೋಡಿದ ಕೂಡಲೇ ನನಗೆ ಅಧಿಕಾರಿಗಳು ಷರಾ ಬರೆಯುವ ಕಡತದ ಅಂಚು ಕಂಡಿತು. ಅಂದಿನಿಂದ ಒಂದು ಸಾಲು ಬದಲಾಯಿಸಿದರೂ ಅದರ ಮೇಲೆ ಕಾರಣ, ನನ್ನ ಕಿರುಸಹಿಯ ಎರಡಕ್ಷರ, ದಿನಾಂಕ ಬರೆಯತೊಡಗಿದೆ. ನಾಳೆ ಯಾರಾದರೂ ಕೈಯಾಡಿಸಿದರೆ ಸಹಿ ಇಲ್ಲದ ಸಾಲು ಸಿಕ್ಕಿಬೀಳುತ್ತದೆ ಎಂಬುದು ನನ್ನ ಲೆಕ್ಕ.

ಮೊದಲ ಕಂಡಿಕೆ ಹೆಂಡತಿಯದು. ಅವಳ ಒಟ್ಟು ಅರವತ್ತೆರಡು ಕಂತು ನನ್ನ ಲ್ಯಾಪ್‌ಟಾಪಿಗೆ ಬಂದು ಸೇರಿದವು.

ಅರವತ್ತಮೂರನೆಯದು ಆಗಲಿಲ್ಲ. ಅವಳ ಸ್ವರ ಒಡೆಯತೊಡಗಿತ್ತು. ಹೊಗೆ ಎಂದುಕೊಂಡೆವು, ದೆಹಲಿಯಲ್ಲಿ ಚಳಿಗಾಲಕ್ಕೆ ಯಾರ ಗಂಟಲು ನೆಟ್ಟಗಿರುತ್ತದೆ? ಕೊನೆಯ ಐದು ಕಂತುಗಳಲ್ಲಿ ಅವಳು ನಡುವೆ ನಿಲ್ಲಿಸಿ, "ಒಂದು ನಿಮಿಷ ಮಕ್ಕಳೇ, ನೀರು ಕುಡೀತೀನಿ," ಎನ್ನುವುದು ಕೇಳುತ್ತದೆ. ಹೊಗೆಯಲ್ಲ, ಗಡ್ಡೆ. ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು, ಸ್ವರ ಹೋಯಿತು. ಮೊಮ್ಮಗಳಿಗೆ ಆಗ ಒಂದೂವರೆ ವರ್ಷ.

ಅಲ್ಲಿಂದ ಅವಳ ಕುತ್ತಿಗೆಗೆ ದಾರ ಕಟ್ಟಿದ ಪೆನ್ಸಿಲ್, ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್. ನನ್ನನ್ನು ಕರೆಯಲು ಎರಡು ಸಲ ಚಪ್ಪಾಳೆ. ಮನೆ ಹೇಗೆ ಮೌನವಾಯಿತೆಂದರೆ ಫ್ರಿಜ್ಜಿನ ಸದ್ದು ಮಲಗುವ ಕೋಣೆಗೆ ಕೇಳಿಸುತ್ತಿತ್ತು. ಅವಳ ಹಳೆಯ ಕಂತುಗಳನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅವಳು ಪಕ್ಕದ ಕೋಣೆಯಲ್ಲಿ ಮೂಕಳಾಗಿ ಕೂತಿರುವಾಗ ಅವಳ ಸ್ವರ ಹಾಕಿಕೊಂಡು ಕೇಳುವುದು ಹೇಗೆ? ಆ ಮೌನವನ್ನು ತುಂಬಲು ನಾನು ಸುದ್ದಿ ಹಿಡಿದುಕೊಂಡೆ. ದಿನಕ್ಕೆ ನಾಲ್ಕೈದು ಸಲ ಬರುವ ಸುದ್ದಿಯ ಪಾಡ್‌ಕ್ಯಾಸ್ಟುಗಳು, ಕನ್ನಡದ್ದು, ಹಿಂದಿಯದು, ಇಂಗ್ಲಿಷಿನದು. ರಾಶಿ ರಾಶಿ ಬಂದು ಬೀಳತೊಡಗಿದವು. ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಲ್ಯಾಪ್‌ಟಾಪ್ ಗೋಗರೆಯಿತು. ಒಂದು ನಿಯಮ ಬರೆದು ಅವುಗಳ ಬಾಯಿ ಮುಚ್ಚಿಸಿದೆ, ಆಮೇಲೆ ಅದನ್ನು ಮರೆತೆ.

ಆ ನಡುವೆ ಅವಳ ಕಂತುಗಳಿದ್ದ ಪುಕ್ಕಟೆ ಜಾಲತಾಣ ಮುಚ್ಚಿಹೋಯಿತು. ಮುಚ್ಚುತ್ತೇವೆ ಎಂಬ ಇಮೇಲ್‌ಗಳು ಅವಳಿಗೆ ಬಂದಿದ್ದವಂತೆ, ಚಿಕಿತ್ಸೆಯ ಓಡಾಟದಲ್ಲಿ ಯಾರೂ ನೋಡಿರಲಿಲ್ಲ. ರೆಕಾರ್ಡ್ ಮಾಡಿದ ಫೋನನ್ನು ಕೊಟ್ಟು ಹೊಸದು ತಂದಾಗಿತ್ತು. ಅವಳು ಒಮ್ಮೆ ನೋಟ್‌ಬುಕ್ಕಿನಲ್ಲಿ, "ನನ್ನ ಎಪಿಸೋಡ್ ಎಲ್ಲಾ ಇದೆ ಅಲ್ವಾ?" ಎಂದು ಬರೆದು ತೋರಿಸಿದ್ದಳು. "ನನ್ನ ಹತ್ತಿರ ಇರೋದು ಎಲ್ಲಿಗೆ ಹೋಗುತ್ತೆ?" ಎಂದಿದ್ದೆ. ಹೋಗಿ ನೋಡಿರಲಿಲ್ಲ.

ಈ ಚಳಿಗಾಲದ ಒಂದು ಭಾನುವಾರ ಮಗಳು, ಅಳಿಯ, ಮೊಮ್ಮಗಳು ಊಟಕ್ಕೆ ಬಂದರು. ಮೊಮ್ಮಗಳಿಗೆ ಈಗ ಮೂರೂವರೆ. ಅಜ್ಜಿಯ ಮಡಿಲಲ್ಲಿ ಕೂತು ಪೆನ್ಸಿಲ್ ಎಳೆಯುತ್ತಿದ್ದವಳು ಇದ್ದಕ್ಕಿದ್ದಂತೆ ತಲೆ ಎತ್ತಿ, "ಅಜ್ಜೀ ಕೀ ಆವಾಜ್ ಕೈಸೀ ಥೀ?" ಎಂದಳು. ಅಜ್ಜಿಯ ಸ್ವರ ಹೇಗಿತ್ತು ಎಂದು ಮಗು ಕೇಳಿದರೆ ಉತ್ತರ ಹೇಳಬೇಕಾದವಳಿಗೆ ಸ್ವರವಿಲ್ಲ.

"ಅಪ್ಪ, ಅಮ್ಮನ ಆ ಸಾಸಿವೆ ಎಪಿಸೋಡ್ ಹಾಕಿ ನಾ. ಇವಳೂ ಸುನ್ ಲೇಗಿ," ಎಂದಳು ಮಗಳು.

ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟು ಫೋಲ್ಡರ್ ತೆರೆದೆ. ಐದು ಕಡತ. ಇನ್ನೊಮ್ಮೆ ತೆರೆದೆ. ಐದೇ. ಐವತ್ತೆಂಟರಿಂದ ಅರವತ್ತೆರಡು. ಸಾಸಿವೆ ಹನ್ನೆರಡನೆಯದು. ಹನ್ನೆರಡೂ ಇಲ್ಲ, ಒಂದರಿಂದ ಐವತ್ತೇಳರವರೆಗೆ ಯಾವುದೂ ಇಲ್ಲ. ಮಗಳು ಕೈಗೆ ಸಿಕ್ಕಿದ ಅರವತ್ತೆರಡನ್ನೇ ಒತ್ತಿದಳು. ಒಡೆದ ಸ್ವರವೊಂದು ಎರಡು ಮಾತಾಡಿ ಕೆಮ್ಮಿತು. "ಏ ತೋ ಖಾಂಸ್ ರಹೀ ಹೈ," ಎಂದಳು ಮೊಮ್ಮಗಳು. ಇವರು ಬರೀ ಕೆಮ್ಮುತ್ತಿದ್ದಾರೆ ಎಂದು ಹೇಳಿ, ಮಡಿಲಿನಿಂದ ಇಳಿದು ಬಾಲ್ಕನಿಯ ಪಾರಿವಾಳ ನೋಡಲು ಓಡಿದಳು. ನನ್ನ ಹೆಂಡತಿ ಮುಂದಿದ್ದ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದಳು.

ಕಡತ ತಾನಾಗಿ ಕಾಣೆಯಾಗುವುದಿಲ್ಲ. ಕಾಣೆಯಾದರೆ ಅದರ ಹಿಂದೆ ಒಂದು ಕೈ ಇರುತ್ತದೆ. ಹನ್ನೊಂದು ವರ್ಷ ನಾನು ನಂಬಿದ್ದು ಇಷ್ಟನ್ನೇ.

"ಹೋದ ತಿಂಗಳು ಬಂದಾಗ ಇದರ ಮುಂದೆ ಕೂತವರು ಯಾರು?" ಎಂದೆ.

"ನಾನು ಮಾವ," ಎಂದ ಅಳಿಯ.

"ಏನು ಮಾಡಿದ್ರಿ?"

"ಅಪ್‌ಡೇಟ್ ಹಾಕಿದೆ. ಬೇರೆ ಎಂತದೂ ಮುಟ್ಟಲಿಲ್ಲ."

"ಮುಟ್ಟದೇ ಇದ್ರೆ ಐವತ್ತೇಳು ಫೈಲು ತಾವಾಗೇ ಎದ್ದು ನಡ್ಕೊಂಡು ಹೋದ್ವಾ?"

"ಅಪ್ಪ, ಸಾಕು, ಬಸ್ ಕರೋ," ಎಂದಳು ಮಗಳು. ನಾನು ಅವಳ ಕಡೆ ತಿರುಗಲಿಲ್ಲ.

ಅಳಿಯ ಕೈ ತೊಳೆದುಕೊಂಡು ಬಂದು ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡ. "ಎಂತ ಆಗಿದೆ ಅಂತ ಲಾಗ್ ನೋಡ್ತೇನೆ," ಎಂದ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡಿದವು. ಒಂದೆರಡು ನಿಮಿಷ ಓದಿದ. ಒಂದು ಕಡೆ ಅವನ ಬೆರಳು ನಿಂತಿತು. ತಲೆ ಎತ್ತಿದ, ಆದರೆ ನನ್ನನ್ನು ನೋಡಲಿಲ್ಲ. ಅತ್ತೆಯ ಮುಖ ನೋಡಿದ. ಆಮೇಲೆ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದ.

"ನನ್ನಿಂದ ಎಂತಾದ್ರೂ ಆಗಿರ್ಬಹುದು ಮಾವ. ಸಾರಿ," ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ತಪ್ಪಿತಸ್ಥನೇ ಒಪ್ಪಿಕೊಂಡ ಮೇಲೆ ವಿಚಾರಣೆ ಮುಗಿಯುತ್ತದೆ, ನನ್ನ ಬಾಯಿ ಮುಗಿಯಲಿಲ್ಲ. ಬೇರೆಯವರ ಮನೆಯ ಸ್ವತ್ತನ್ನು ಹೇಗೆ ಮುಟ್ಟಬೇಕು ಎಂದು ತಿಳಿಯದವರು ಮುಟ್ಟಲೇಬಾರದು ಎಂದೆ. ಅದು ಬರೀ ಫೈಲಲ್ಲ, ಅವಳ ಸ್ವರ ಎಂದೆ. ಇನ್ನೂ ಏನೇನೋ ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಪಾಯಸಕ್ಕೆ ಕಾಯದೆ ಮೂವರೂ ಕ್ಯಾಬ್ ತರಿಸಿಕೊಂಡು ಹೋದರು. ಬಾಗಿಲ ತನಕ ಹೋದ ನನ್ನ ಹೆಂಡತಿ ಅಳಿಯನ ತೋಳು ಹಿಡಿದು ಒಂದು ಕ್ಷಣ ನಿಂತಿದ್ದಳು. ಅವಳು ಅವನನ್ನು ಕ್ಷಮಿಸುತ್ತಿದ್ದಾಳೆ ಎಂದುಕೊಂಡೆ.

ಮರುದಿನ ಒಂದು ರಟ್ಟಿನ ಫೈಲು ತೆಗೆದು ಅದರ ಮೇಲೆ "ಕಾಣೆಯಾದ ಧ್ವನಿ ಕಡತಗಳ ಬಗ್ಗೆ" ಎಂದು ಬರೆದೆ. ಮೊದಲ ಪುಟದಲ್ಲಿ ಘಟನೆ, ಎರಡನೆಯ ಪುಟದಲ್ಲಿ ಉದ್ದೇಶ. ಉದ್ದೇಶ ಏನಿರಬಹುದು ಎಂದು ಎರಡು ದಿನ ಯೋಚಿಸಿದೆ. ಮಗುವಿನ ನಾಲಿಗೆಗೆ ಕನ್ನಡ ಹತ್ತುವ ಮೊದಲೇ ಕೊಂಕಣಿ ಹತ್ತಲಿ, ಅಜ್ಜಿಯ ಕನ್ನಡ ಕೇಳದಿದ್ದರೆ ಒಳ್ಳೆಯದು ಎಂದು ಅವನಿಗೆ ಅನ್ನಿಸಿರಬಹುದು ಎಂದು ಬರೆದೆ. ಇದನ್ನು ಈಗ ಹೇಳುವಾಗ ನಾಚಿಕೆಯಾಗುತ್ತದೆ. ಆದರೆ ಬರೆದದ್ದು ಹೌದು, ಕೆಳಗೆ ಕಿರುಸಹಿ ಹಾಕಿದ್ದೂ ಹೌದು. ಅವನಿಗೆ ಮಗುವಿನ ಜೊತೆ ಮಾತಾಡಲು ಸಿಗುವುದು ಬೆಳಿಗ್ಗೆ ಅರ್ಧ ಗಂಟೆ, ಆ ಅರ್ಧ ಗಂಟೆಯಲ್ಲಿ ಮಗು ಅವನಿಗೆ ಹಿಂದಿಯಲ್ಲೇ ಉತ್ತರ ಕೊಡುತ್ತದೆ ಎಂಬುದು ನನಗೆ ಗೊತ್ತಿತ್ತು.

ಕನ್ನಡ ಬಳಗದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿ ನೋಡಿದೆ. ಎಲ್ಲರೂ ಜಾಲತಾಣದಲ್ಲೇ ಕೇಳುತ್ತಿದ್ದವರು, ಒಬ್ಬರೂ ಇಳಿಸಿಟ್ಟುಕೊಂಡಿರಲಿಲ್ಲ. ಹೆಂಡತಿ ಒಂದು ಸಂಜೆ ನೋಟ್‌ಬುಕ್ಕಿನಲ್ಲಿ "ಅವನಿಗೆ ಫೋನ್ ಮಾಡಿ" ಎಂದು ಬರೆದಳು. "ಮಾಡಬೇಕಾದವರು ಅವರು," ಎಂದೆ. ಅವಳು ಆ ಹಾಳೆಯನ್ನು ಹರಿಯದೆ ಹಾಗೇ ತೆರೆದಿಟ್ಟು ಅಡುಗೆಮನೆಗೆ ಹೋದಳು.

ಮೂರನೆಯ ವಾರ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಮೆಟ್ರೋ ಹತ್ತಿ ಕರೋಲ್ ಬಾಗಿಗೆ ಹೋದೆ. ಅಳಿಸಿಹೋದ ಕಡತಗಳನ್ನು ಮರಳಿ ತೆಗೆದುಕೊಡುವ ಅಂಗಡಿಯೊಂದು ಮದುವೆಯ ಶೇರ್ವಾನಿ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿತ್ತು. ನಡುವಯಸ್ಸಿನ ಅಂಗಡಿಯವನು ಬಿಟ್ಟುಹೋಗಿ, ನಾಳೆ ಬನ್ನಿ ಎಂದ. ನಾನು ಇಲ್ಲೇ ಕೂರುತ್ತೇನೆ ಎಂದೆ. "ಅಂಕಲ್‌ಜೀ, ಮೈ ಕಹಾಂ ಭಾಗೂಂಗಾ?" ಎಂದು ನಕ್ಕ. ಎಲ್ಲಿಗೆ ಓಡಿಹೋಗುತ್ತಾನೋ ನನಗೇನು ಗೊತ್ತು? ನಾಲ್ಕು ಗಂಟೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಅವನ ಕೈಗಳನ್ನು ಕಾದೆ.

ಕೊನೆಗೆ ಅವನು ಒಂದು ಪಟ್ಟಿಯನ್ನು ಮುದ್ರಿಸಿ ಕೊಟ್ಟ. ಐವತ್ತೇಳು ಕಡತಗಳ ಹೆಸರಿತ್ತು, ಒಳಗೆ ಸ್ವರವಿರಲಿಲ್ಲ. ಅವು ಇದ್ದ ಜಾಗದ ಮೇಲೆ ಬೇರೆ ಕಡತಗಳು ಬಂದು ಕೂತಿವೆ, ಇನ್ನು ಏನೂ ಮಾಡುವಂತಿಲ್ಲ ಎಂದು ಹಿಂದಿಯಲ್ಲಿ ವಿವರಿಸಿದ. ಯಾವ ಕಡತಗಳು ಎಂದೆ. ನೋಡಿ ಹೇಳಿದ: ಸುದ್ದಿ. ಎಲ್ಲ ಸುದ್ದಿಯ ಆಡಿಯೋ.

ನನ್ನ ಕೇಸಿಗೆ ಬೇಕಾದ ಪ್ರಶ್ನೆ ಕೇಳಿದೆ. ಹೋದ ತಿಂಗಳು ಯಾವ ದಿನ ಅಳಿಸಿದ್ದು ಎಂದೆ. ಅವನು ಪಟ್ಟಿಯ ಬಲಗಡೆಯ ದಿನಾಂಕದ ಮೇಲೆ ಪೆನ್ನಿಟ್ಟ. "ಹೋದ ತಿಂಗಳಲ್ಲ ಅಂಕಲ್‌ಜೀ. ಪಿಛಲೇ ಸಾಲ್. ಹೋದ ವರ್ಷದ ಮಳೆಗಾಲ. ಎಲ್ಲ ಒಂದೇ ದಿನ, ಬೆಳಿಗ್ಗೆ ಐದೂವರೆಗೆ."

ಬೆಳಿಗ್ಗೆ ಐದೂವರೆಗೆ ನಮ್ಮ ಮನೆಯಲ್ಲಿ ಯಾರು ಎದ್ದಿರುತ್ತಾರೆ? ನಾನು ಮತ್ತು ಆ ಪ್ರೋಗ್ರಾಮ್.

ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಸೆಟ್ಟಿಂಗ್ ಫೈಲನ್ನು ತೆರೆದೆ. ಮೇಲ್ಭಾಗದಲ್ಲಿ, ಎಲ್ಲದಕ್ಕೂ ಅನ್ವಯಿಸುವ ನಿಯಮಗಳ ನಡುವೆ, ಉಳಿಸಬೇಕಾದ ಕಂತುಗಳ ಸಂಖ್ಯೆ ಎಂಬ ಸಾಲಿನ ಮುಂದೆ ಐದು ಎಂದಿತ್ತು. ಅದರ ತಲೆಯ ಮೇಲೆ ಟಿಪ್ಪಣಿ: "ಸುದ್ದಿ ವಿಪರೀತ ಸೇರುತ್ತಿದೆ. ಐದು ಸಾಕು." ಪಕ್ಕದಲ್ಲಿ ನನ್ನ ಕಿರುಸಹಿಯ ಎರಡಕ್ಷರ. ದಿನಾಂಕ ಕರೋಲ್ ಬಾಗಿನವನ ಪಟ್ಟಿಯ ಹಿಂದಿನ ದಿನದ್ದು.

ಸುದ್ದಿಯ ಕಂಡಿಕೆಯ ಕೆಳಗೆ ಬರೆಯಬೇಕಾದ ನಿಯಮವನ್ನು ನಾನು ಪುಟದ ತಲೆಯಲ್ಲಿ ಬರೆದಿದ್ದೆ. ಯಾಕೆ ಎಂದರೆ ಮೂವತ್ತು ವರ್ಷ ಹಾಗೇ ಬರೆದಿದ್ದೇನೆ. ಆದೇಶ ಎಂದರೆ ಕಡತದ ಮೇಲ್ಗಡೆ ಇರಬೇಕು, ಮೇಲಿನಿಂದ ಬಂದದ್ದು ಎಂದು ಗೊತ್ತಾಗಬೇಕು. ನಮ್ಮ ಆಫೀಸಿನಲ್ಲಿ ಮೇಲಿನ ಆದೇಶ ಬಂದರೆ ಕೆಳಗಿನವರು ತಮಗೆ ಬೇಕಾದಷ್ಟನ್ನು ಪಾಲಿಸುತ್ತಿದ್ದರು, ಉಳಿದದ್ದನ್ನು ಬಿಡುತ್ತಿದ್ದರು. ಈ ಪ್ರೋಗ್ರಾಮ್ ಬಿಡಲಿಲ್ಲ. ಸುದ್ದಿಗೂ ಐದು, ಹೆಂಡತಿಗೂ ಐದು. ಹೊಸ ಐದನ್ನು ಉಳಿಸಿ ಹಳೆಯ ಐವತ್ತೇಳನ್ನು ಎಸೆಯಿತು. ಹೊಸ ಐದು ಎಂದರೆ ಅವಳ ಗಂಟಲು ಕೆಟ್ಟ ಮೇಲಿನವು. ಆ ಮಳೆಗಾಲದಲ್ಲಿ ಜಾಲತಾಣ ಇನ್ನೂ ತೆರೆದೇ ಇತ್ತು. ಒಂದು ದಿನ ಫೋಲ್ಡರ್ ತೆರೆದು ನೋಡಿದ್ದರೆ ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳಬಹುದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ನಾನು ಹನ್ನೊಂದು ವರ್ಷದಲ್ಲಿ ಎಷ್ಟೋ ಕಡತಗಳಲ್ಲಿ ಬರೆದಿದ್ದೆ. ಬೇಲಿ ನಾನೇ ಆಗಿ ಅದನ್ನು ಓದಿದ್ದು ಅದೇ ಮೊದಲು.

ಹೆಂಡತಿಗೆ ಹೇಳುವ ಧೈರ್ಯ ಬರಲಿಲ್ಲ. ಮರುದಿನ ಮಧ್ಯಾಹ್ನ ಗುರುಗ್ರಾಮದ ಮೆಟ್ರೋ ಹಿಡಿದು ಅಳಿಯನ ಆಫೀಸಿನ ಕೆಳಗೆ ನಿಂತು ಫೋನ್ ಮಾಡಿದೆ. ಕೊರಳಲ್ಲಿ ಕಾರ್ಡ್ ನೇತುಹಾಕಿಕೊಂಡವನು ಓಡೋಡಿ ಇಳಿದು ಬಂದ. "ಅತ್ತೆ ಹುಷಾರಿದ್ದಾರಾ ಮಾವ?" ಎನ್ನುವುದು ಅವನ ಮೊದಲ ಮಾತು.

ಹುಷಾರಿದ್ದಾಳೆ ಎಂದೆ. ರಸ್ತೆಯಾಚೆಯ ಚಹಾ ಗಾಡಿಯ ಬಳಿ ನಿಂತೆವು. "ನಾನೇ ಅಳಿಸಿದ್ದು. ಸಹಿ ಸಮೇತ ಇದೆ," ಎಂದೆ.

ಅವನು ಗ್ಲಾಸಿನೊಳಗೆ ನೋಡಿದ. "ಗೊತ್ತಿತ್ತು ಮಾವ. ಲಾಗ್‌ನಲ್ಲಿ ಇತ್ತು."

"ಗೊತ್ತಿದ್ದೂ ಆವತ್ತೇ ಯಾಕೆ ಹೇಳ್ಲಿಲ್ಲ? ಅಷ್ಟು ಬೈಸಿಕೊಂಡ್ರಿ."

"ಅತ್ತೆ ಎದುರಿಗೆ ಇದ್ರಲ್ಲ." ಗ್ಲಾಸನ್ನು ಗಾಡಿಯ ಮೇಲಿಟ್ಟ. "ನನ್ನ ಮೇಲೆ ಬೇಜಾರಾದ್ರೆ ಅವರಿಗೆ ಒಂದು ವಾರ, ಹತ್ತು ದಿನ. ನಿಮ್ಮ ಮೇಲೆ ಆದ್ರೆ? ಒಂದೇ ಮನೆಯಲ್ಲಿ ಇರ್ಬೇಕಲ್ಲ ಮಾವ."

ಆ ಜಾಲತಾಣದವರಿಗೆ ಅವನು ಮೂರು ಸಲ ಬರೆದಿದ್ದನಂತೆ, ಯಾರೂ ಉತ್ತರಿಸಲಿಲ್ಲವಂತೆ. ಇದನ್ನೂ ಹೇಳುವ ಉದ್ದೇಶ ಅವನಿಗಿರಲಿಲ್ಲ, ನಾನು ಅಗೆದು ತೆಗೆದೆ. ನನ್ನ ರಟ್ಟಿನ ಫೈಲಿನ ಎರಡನೆಯ ಪುಟದ ಬಗ್ಗೆ ಅವನಿಗೆ ಹೇಳಬೇಕು ಎಂದುಕೊಂಡಿದ್ದೆ. ಹೇಳಲಾಗಲಿಲ್ಲ. ಇಲ್ಲಿ ಬರೆದಿದ್ದೇನೆ, ಅವನು ಕನ್ನಡ ಓದುತ್ತಾನೆ.

ಮನೆಗೆ ಬಂದಾಗ ಹೆಂಡತಿ ಬಾಲ್ಕನಿಯ ಬಿಸಿಲಿನಲ್ಲಿ ಬಟಾಣಿ ಸುಲಿಯುತ್ತಿದ್ದಳು. ಎದುರಿನ ಬೆತ್ತದ ಮೋಡಾ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಸುದ್ದಿ, ಐದು, ಪುಟದ ತಲೆ, ಕಿರುಸಹಿ. ಹೇಳುವಾಗ ಅವಳ ಮುಖ ನೋಡಲಾಗದೆ ಸಿಪ್ಪೆಯ ರಾಶಿಯನ್ನು ನೋಡುತ್ತಿದ್ದೆ. ಅವಳ ಕೈ ನಿಲ್ಲಲಿಲ್ಲ. ನನ್ನ ಮಾತು ಮುಗಿದ ಮೇಲೆ ಸೆರಗಿಗೆ ಬೆರಳು ಒರೆಸಿಕೊಂಡು ನೋಟ್‌ಬುಕ್ ತೆಗೆದುಕೊಂಡಳು.

"ಆವತ್ತೇ ಗೊತ್ತಿತ್ತು," ಎಂದು ಬರೆದಳು.

"ಅಳಿಯ ಹೇಳಿದ್ರಾ?"

ಇಲ್ಲವೆಂದು ತಲೆಯಾಡಿಸಿ ಮತ್ತೆ ಬರೆದಳು. "ಈ ಮನೇಲಿ ಐದನ್ನ ಎಣಿಸಿ ಇಟ್ಟು ಮಿಕ್ಕಿದ್ದನ್ನ ಎಸೆಯೋರು ಇನ್ಯಾರಿದ್ದಾರೆ?" ಅದರ ಕೆಳಗೆ, "ಈ ಭಾನುವಾರ ಅವರನ್ನ ಊಟಕ್ಕೆ ಕರೀರಿ. ಎಲ್ಲರ ಎದುರಿಗೆ ಅಂದದ್ದನ್ನ ಎಲ್ಲರ ಎದುರಿಗೇ ವಾಪಸ್ ತಗೊಳ್ಳಿ."

ಆಯಿತು ಎಂದೆ. ಅಷ್ಟು ಕೇಳಿದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಪ್ರಶ್ನೆ ಕೇಳದೆ ಇರುವುದು ನನ್ನಿಂದ ಆಗದು. "ಗೊತ್ತಿದ್ರೆ ನೀನ್ಯಾಕೆ ಬರೆದು ತೋರಿಸ್ಲಿಲ್ಲ? ಮೂರು ವಾರ ಸುಮ್ನೆ ಇದ್ದೆಯಲ್ಲ?"

ಅವಳು ನೋಟ್‌ಬುಕ್ಕಿನ ಹೊಸ ಹಾಳೆ ತಿರುಗಿಸಿದಳು. ಆಮೇಲೆ ನಿಧಾನವಾಗಿ, ಶಾಲೆಯ ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರಗಳಲ್ಲಿ ಬರೆದು, ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿಟ್ಟು, ಮತ್ತೆ ಬಟಾಣಿಗೆ ಕೈ ಹಾಕಿದಳು.

"ನಿಮಗೆ ನಿಮ್ಮ ಮೇಲೆ ಯಾವಾಗ ಅನುಮಾನ ಬರುತ್ತೋ ಅಂತ ಕಾಯ್ತಿದ್ದೆ."